ಕಟ್ಟಡಕ್ಕೆ ಯಾರನ್ನು ಕರೆಯೋಣ? ಷಿಕಾಗೋದವರನ್ನೋ, ಪಕ್ಕದ ಬೀದಿಯವರನ್ನೋ?

ನಮ್ಮ ಬಡಾವಣೆಯ ಸಂಘದ ಹತ್ತಿರ 50×80ರ ಒಂದು ಸೈಟಿದೆ. ಎಷ್ಟೋ ವರ್ಷದಿಂದ ಅದರಲ್ಲಿ ಪಾರ್ಥೇನಿಯಂ ಬೆಳೆಯುತ್ತಿತ್ತು. ಗಣೇಶನ ಹಬ್ಬಕ್ಕೆ ಒಂದು ಸಲ ಕೀಳುತ್ತಿದ್ದೆವು, ಮತ್ತೆ ಬೆಳೆಯುತ್ತಿತ್ತು. ಈಗ ಹೇಗೋ ದುಡ್ಡು ಕೂಡಿದೆ. ಕೆಳಗೊಂದು ಸಭೆಯ ಹಾಲ್, ಮೇಲೊಂದು ಲೈಬ್ರರಿ, ಅದರ ಮೇಲೆ ಮಕ್ಕಳ ಸಂಗೀತ ಪಾಠಕ್ಕೆ ಎರಡು ಕೋಣೆ. ಇಷ್ಟೇ ನಮ್ಮ ಆಸೆ. ಕಟ್ಟಡ ಸಮಿತಿಗೆ ನನ್ನನ್ನೂ ಸೇರಿಸಿದರು. ಲೋಕೋಪಯೋಗಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಬಿಲ್ಲು ನೋಡಿದವಳು, ಕಟ್ಟಡ ಗೊತ್ತಿರಬೇಕು ಅಂತ ಅವರ ಲೆಕ್ಕ. ನಿಜ ಹೇಳಬೇಕೆಂದರೆ ಕಟ್ಟಡಕ್ಕಿಂತ ಕಟ್ಟಡದ ಜಗಳಗಳೇ ನನಗೆ ಜಾಸ್ತಿ ಗೊತ್ತು.

ಮೊದಲ ಸಭೆಯಲ್ಲೇ ಅಧ್ಯಕ್ಷರು ಫೋನು ತೆಗೆದು ಬೆಂಗಳೂರು ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ಲಿನ ಫೋಟೋ ತೋರಿಸಿದರು. "ಇದನ್ನು ಮಾಡಿದವರನ್ನೇ ಒಂದು ಮಾತು ಕೇಳೋಣ. ಕೇಳೋದಕ್ಕೇನು ದುಡ್ಡಾ?" ಅಂದರು. ಖಜಾಂಚಿ ಮುಖ ಗಂಟು ಹಾಕಿದರು. "ಸುಮ್ನೆ ಚದರಕ್ಕೆ ಇಷ್ಟು ಅಂತ ಕಂಟ್ರಾಕ್ಟರಿಗೆ ಕೊಟ್ಟುಬಿಡಿ. ಪ್ಲಾನು ಅವನೇ ಫ್ರೀಯಾಗಿ ಹಾಕಿಕೊಡ್ತಾನೆ" ಅಂದರು.

ಈ ಎರಡು ಮಾತಿನ ಮಧ್ಯೆ ಬೆಂಗಳೂರಿನಲ್ಲಿ ಇನ್ನೂ ಎರಡು ದಾರಿಗಳಿವೆ. ನಾಲ್ಕನ್ನೂ ಹೋಲಿಸಿ ನೋಡಿ ವರದಿ ಕೊಡುವ ಕೆಲಸ ನನ್ನ ತಲೆಗೆ ಬಂತು. ಆರು ತಿಂಗಳು ಅಲೆದೆ. ಕಟ್ಟಡಗಳನ್ನು ನೋಡಿದೆ, ಆರ್ಕಿಟೆಕ್ಟುಗಳ ಕಚೇರಿಗಳಲ್ಲಿ ಕಾಫಿ ಕುಡಿದೆ. ನಿಮ್ಮದೂ ಇಂಥದ್ದೇ ಒಂದು ಸಮಿತಿ ಇದ್ದರೆ, ಅಥವಾ ಸ್ವಂತ ಮನೆ ಕಟ್ಟಿಸುವ ಯೋಚನೆ ಇದ್ದರೆ, ಇದು ಉಪಯೋಗಕ್ಕೆ ಬರಬಹುದು.

ವಿಮಾನ ನಿಲ್ದಾಣ ಮಾಡಿದವರು

ಅಧ್ಯಕ್ಷರ ಆಸೆಯಿಂದಲೇ ಶುರು ಮಾಡೋಣ. ಟರ್ಮಿನಲ್ 2ರ ವಿನ್ಯಾಸ ಮಾಡಿದ್ದು ಸ್ಕಿಡ್‌ಮೋರ್, ಓವಿಂಗ್ಸ್ ಅಂಡ್ ಮೆರಿಲ್. ಎಲ್ಲರೂ ಎಸ್‌ಒಎಂ ಅನ್ನುತ್ತಾರೆ. 1936ರಲ್ಲಿ ಷಿಕಾಗೋದಲ್ಲಿ ಶುರುವಾದ ಕಚೇರಿ. ದುಬೈನ 828 ಮೀಟರ್ ಎತ್ತರದ ಬುರ್ಜ್ ಖಲೀಫಾ ಇವರದು. 2014ರಲ್ಲಿ ತೆರೆದ ಮುಂಬೈ ವಿಮಾನ ನಿಲ್ದಾಣದ ಟರ್ಮಿನಲ್ 2 ಕೂಡ ಇವರದೇ. ಇವರೇ ಮಾಡಿದ ಷಿಕಾಗೋದ ಸಿಯರ್ಸ್ ಟವರ್ (ಈಗಿನ ಹೆಸರು ವಿಲ್ಲಿಸ್ ಟವರ್) ಕಥೆ ನನಗೆ ತುಂಬಾ ಇಷ್ಟ. ಅದಕ್ಕೆ ಎಂಜಿನಿಯರ್ ಆಗಿದ್ದವರು ಢಾಕಾದಲ್ಲಿ ಹುಟ್ಟಿದ ಫಜ್ಲುರ್ ರಹಮಾನ್ ಖಾನ್. ಒಂಬತ್ತು ಚೌಕದ ಕೊಳವೆಗಳನ್ನು ಕಬ್ಬಿನ ಕಟ್ಟಿನ ಹಾಗೆ ಒಟ್ಟಿಗೆ ನಿಲ್ಲಿಸಿದರು. ಬಿಡಿಯಾಗಿ ಗಾಳಿಗೆ ಬಾಗುವುದು ಕಟ್ಟಾಗಿ ನಿಂತಾಗ ಅಷ್ಟು ಬಾಗಲಿಲ್ಲ. 1970ರ ದಶಕದಲ್ಲಿ 442 ಮೀಟರ್ ಎತ್ತರಕ್ಕೆ ಹೋದರು. ಆರ್ಕಿಟೆಕ್ಟ್ ಮತ್ತು ಎಂಜಿನಿಯರ್ ಒಂದೇ ಸೂರಿನ ಕೆಳಗೆ ಕೂತು ಕೆಲಸ ಮಾಡುವುದೇ ಇಂಥ ಕಚೇರಿಗಳ ದೊಡ್ಡ ಬಲ.

ಟರ್ಮಿನಲ್ 2 ಉದ್ಘಾಟನೆಯಾಗಿದ್ದು 2022ರ ನವೆಂಬರ್ 11ರಂದು. ಮುಂದಿನ ಜನವರಿಯಲ್ಲಿ ವಿಮಾನಗಳು ಶುರುವಾದವು. ಸುಮಾರು 2 ಲಕ್ಷ 55 ಸಾವಿರ ಚದರ ಮೀಟರ್ ಜಾಗ, ವರ್ಷಕ್ಕೆ ಎರಡೂವರೆ ಕೋಟಿ ಪ್ರಯಾಣಿಕರ ಲೆಕ್ಕಕ್ಕೆ ಕಟ್ಟಿದ್ದು. ಮಗಳನ್ನು ಕಳಿಸಲು ಹೋದಾಗ, ಸಮಿತಿಯ ನೆಪದಲ್ಲಿ ಕತ್ತು ನೋಯುವಷ್ಟು ಹೊತ್ತು ಮೇಲೆ ನೋಡಿದೆ. ಚಾವಣಿಯ ಉದ್ದಕ್ಕೂ ಬಿದಿರಿನ ಪಟ್ಟಿಗಳ ಜಾಲರಿ. ಬೆಳಕು ಅದರ ಸಂದಿಯಿಂದ ಸೋಸಿಕೊಂಡು ಬರುತ್ತದೆ, ಹೊಂಗೆ ಮರದ ಕೆಳಗೆ ನಿಂತ ಹಾಗೆ. ಮೇಲಿನಿಂದ ಗಿಡಗಳು ಗಂಟೆಯ ಆಕಾರದಲ್ಲಿ ತೂಗುತ್ತವೆ. ಮುಖ್ಯ ಕಟ್ಟಡಕ್ಕೂ ವಿಮಾನ ಹತ್ತುವ ಗೇಟುಗಳಿಗೂ ನಡುವೆ ಒಂದು ಕಾಡಿನ ಪಟ್ಟಿಯನ್ನೇ ಬೆಳೆಸಿದ್ದಾರೆ. ಉದ್ಯಾನ ನಗರಿ ಅಂತ ನಾವು ಬಾಯಲ್ಲಿ ಹೇಳಿಕೊಂಡು ತಿರುಗುವುದನ್ನು ಅವರು ಕಟ್ಟಿ ತೋರಿಸಿದ್ದಾರೆ. ಇದಕ್ಕೆ ನಾನು ಪೂರ್ತಿ ಅಂಕ ಕೊಡುತ್ತೇನೆ.

ಆದರೆ ಇದನ್ನು ಎಸ್‌ಒಎಂ ಒಂದೇ ಮಾಡಲಿಲ್ಲ. ಗಿಡ, ಮರ, ನೀರಿನ ವಿನ್ಯಾಸ ಇಂಗ್ಲೆಂಡಿನ ಗ್ರಾಂಟ್ ಅಸೋಸಿಯೇಟ್ಸ್ ಅವರದು. ಸಿಂಗಪುರದ ಗಾರ್ಡನ್ಸ್ ಬೈ ದ ಬೇ ಮಾಡಿದವರು ಇವರೇ. ಒಳಾಂಗಣದಲ್ಲಿ ಮುಂಬೈನ ಅಬು ಜಾನಿ-ಸಂದೀಪ್ ಖೋಸ್ಲಾ ಜೋಡಿಯ ಕೈ ಇದೆ. ಇವರ ಹಿಂದೆ ಲಗೇಜು ಬೆಲ್ಟಿಗೆ ಬೇರೆ ಪರಿಣತರು, ಬೆಂಕಿ ಸುರಕ್ಷತೆಗೆ ಬೇರೆ, ದೀಪಕ್ಕೆ ಬೇರೆ. ಇಷ್ಟು ಜನರನ್ನು ಒಂದು ದಾರದಲ್ಲಿ ಪೋಣಿಸುವುದೇ ಇಂಥ ಕಚೇರಿಯ ಕಸುಬು. ಬಿದಿರಿನ ಪಟ್ಟಿಗೆ ಬೆಂಕಿ ಹತ್ತಬಾರದು, ಹುಳ ಹಿಡಿಯಬಾರದು, ಲಕ್ಷಾಂತರ ಜನ ಕೆಳಗೆ ಓಡಾಡುವಾಗ ಒಂದು ತುಂಡೂ ಕಳಚಬಾರದು. ಇದನ್ನು ಪರೀಕ್ಷೆ ಮಾಡಿ, ಬರೆದು, ಸಹಿ ಹಾಕುವ ತಾಕತ್ತು ಸಣ್ಣ ಕಚೇರಿಗೆ ಇರುವುದಿಲ್ಲ.

ಸಭೆಯಲ್ಲಿ ಅಧ್ಯಕ್ಷರು, "ನಮ್ಮ ಹಾಲಿಗೂ ಅಂಥ ತೂಗುಗಿಡ ಬೇಕು" ಅಂದರು. "ನೀರು ಹಾಕೋರು ಯಾರು ಸರ್?" ಅಂತ ಕೇಳಿದೆ. ನಮ್ಮ ಸಂಘಕ್ಕೆ ಇರುವುದು ಒಬ್ಬರೇ ವಾಚ್‌ಮನ್. ಕಸ ಗುಡಿಸುವವರೂ ಅವರೇ, ಮೋಟರ್ ಹಾಕುವವರೂ ಅವರೇ, ಗಣೇಶನ ಹಬ್ಬಕ್ಕೆ ಪೆಂಡಾಲ್ ಕಾಯುವವರೂ ಅವರೇ. ವಿಮಾನ ನಿಲ್ದಾಣದ ಚಾವಣಿಗೆ ಅದನ್ನು ನೋಡಿಕೊಳ್ಳುವ ಒಂದು ಪಡೆಯೇ ಇರುತ್ತದೆ. ನಾವು ಅಲ್ಲಿ ನೋಡಿದ್ದು ಆ ಪಡೆಯ ದಿನದ ದುಡಿಮೆಯನ್ನೂ ಸೇರಿಸಿ, ಅಲ್ವಾ?

ಹಾಗಾದರೆ ಇಂಥ ಅಂತರರಾಷ್ಟ್ರೀಯ ಕಚೇರಿ ಯಾರಿಗೆ? ಎತ್ತರದ ಟವರ್, ದೊಡ್ಡ ಆಸ್ಪತ್ರೆ, ವಿಮಾನ ನಿಲ್ದಾಣ, ಇಪ್ಪತ್ತು ದೇಶದಲ್ಲಿ ಒಂದೇ ರೀತಿ ಕಾಣಬೇಕಾದ ಕಂಪನಿಯ ಆಫೀಸು. ಇಂಥವಕ್ಕೆ ಬೇಕು. ಇದೇ ನಿಲ್ದಾಣದ ಮೊದಲ ಟರ್ಮಿನಲ್ಲಿನ 2013ರ ವಿಸ್ತರಣೆ ಎಚ್‌ಒಕೆ ಎಂಬ ಇನ್ನೊಂದು ಅಮೆರಿಕನ್ ಕಚೇರಿಯದು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 1965ರಲ್ಲಿ ಹುಟ್ಟಿದ ಗೆನ್ಸ್ಲರ್‌ಗೆ ಬೆಂಗಳೂರಿನಲ್ಲೇ ಕಚೇರಿ ಇದೆ. ಔಟರ್ ರಿಂಗ್ ರೋಡಿನ ಕಂಪನಿಗಳ ಸೌಕರ್ಯದ ಮಾತು ಬಂದರೆ ಇಂಥ ಹೆಸರುಗಳೇ ಓಡಾಡುತ್ತವೆ. ನಿಮ್ಮದು ಅಂಥ ಕೆಲಸವಾದರೆ ಹೆಸರಿಗಿಂತ ಮುಂಚೆ ಒಂದು ಪ್ರಶ್ನೆ ಕೇಳಿ: "ಇಲ್ಲಿ ನಿಮ್ಮ ಜೊತೆ ಕೆಲಸ ಮಾಡುವ ಕಚೇರಿ ಯಾವುದು?" ವಿದೇಶದ ಕಚೇರಿ ಬಂದರೂ ಸಾಮಾನ್ಯವಾಗಿ ಪಕ್ಕದಲ್ಲಿ ಒಂದು ಇಲ್ಲಿನ ಕಚೇರಿ ಇರುತ್ತದೆ. ಪಾಲಿಕೆಯ ಮಂಜೂರಾತಿ, ಸೈಟಿನ ನಿತ್ಯದ ಗಲಾಟೆ ಎಲ್ಲ ಅವರ ಪಾಲು. ನೀವು ದಿನಾ ಫೋನು ಮಾಡುವುದು ಅವರಿಗೇ. ಕಾನೂನೂ ಹೀಗೇ ಇದೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಅಂತ ಕರೆದುಕೊಳ್ಳಬಹುದು. ಬೇರೆ ದೇಶದವರು ಒಂದು ನಿರ್ದಿಷ್ಟ ಯೋಜನೆಗೆ ಕೆಲಸ ಮಾಡಬೇಕಾದರೆ ಕೇಂದ್ರ ಸರ್ಕಾರದ ಒಪ್ಪಿಗೆ ಬೇಕು.

ಹೊರಗಿನವರು, ಒಳಗಿನವರು

ಸಮಿತಿಯಲ್ಲಿ ಒಬ್ಬರು ಇನ್ನೊಂದು ತುದಿಗೆ ಹೋದರು. "ಹೊರಗಿನೋರಿಗೆ ನಮ್ಮ ಊರಿನ ಹವಾ ಏನು ಗೊತ್ತು?" ಅಂತ. ಇದನ್ನೂ ನಾನು ಒಪ್ಪುವುದಿಲ್ಲ.

ಆಟೊ ಕ್ಯೋನಿಗ್ಸ್‌ಬರ್ಗರ್ ಬರ್ಲಿನ್ನಿನವರು. 1939ರಲ್ಲಿ ಮೈಸೂರು ಸಂಸ್ಥಾನದ ಮುಖ್ಯ ಆರ್ಕಿಟೆಕ್ಟ್ ಆಗಿ ಬಂದರು. ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, ಅಂದರೆ ಈಗಿನ ಐಐಎಸ್‌ಸಿಯಲ್ಲಿ, ಅವರು ಮಾಡಿದ ಕಟ್ಟಡಗಳಿವೆ. ಮುಂದೆ ಉಷ್ಣ ದೇಶಗಳಲ್ಲಿ ಕಟ್ಟಡ ಹೇಗಿರಬೇಕು ಅಂತ ಜಗತ್ತಿಗೆ ಪಾಠ ಹೇಳಿದವರು ಅವರು. ಆ ಪಾಠದ ಒಂದು ಭಾಗ ಅವರು ಕಲಿತದ್ದು ಇಲ್ಲೇ, ನಮ್ಮ ಬಿಸಿಲಿನಲ್ಲಿ. ಬನ್ನೇರುಘಟ್ಟ ರಸ್ತೆಯ ಐಐಎಂನ ವಿನ್ಯಾಸ ಅಹಮದಾಬಾದಿನ ಬಾಲಕೃಷ್ಣ ದೋಷಿಯವರದು. ಪ್ಯಾರಿಸ್ಸಿನಲ್ಲಿ ಹೆಸರಾಂತ ಆರ್ಕಿಟೆಕ್ಟ್ ಲ ಕಾರ್ಬ್ಯೂಸಿಯೆ ಹತ್ತಿರ ಕೆಲಸ ಕಲಿತವರು, 2018ರಲ್ಲಿ ಆರ್ಕಿಟೆಕ್ಟುಗಳಿಗೆ ಕೊಡುವ ದೊಡ್ಡ ಪ್ರಶಸ್ತಿಯಾದ ಪ್ರಿಟ್ಸ್‌ಕರ್ ಪಡೆದ ಮೊದಲ ಭಾರತೀಯ. ಆದರೆ ಐಐಎಂಗೆ ಅವರು ಹಾಕಿದ್ದು ಇಲ್ಲಿನದೇ ಬೂದು ಬಣ್ಣದ ಕಲ್ಲು. ಗೋಡೆಗೆ ಬಣ್ಣ ಹೊಡೆಯುವ ಪ್ರಶ್ನೆಯೇ ಇಲ್ಲ. ಓಣಿಯಂಥ ಪಡಸಾಲೆಗಳು, ಮೇಲೆ ಕೆಲವು ಕಡೆ ಜಂತಿ ಮಾತ್ರ, ಕೆಲವು ಕಡೆ ಪೂರ್ತಿ ಆಕಾಶ. ವರ್ಷದಲ್ಲಿ ಎಷ್ಟೋ ದಿನ ಹೊರಗೇ ಕೂರಬಹುದಾದ ಊರಿದು ಅನ್ನೋದನ್ನು ಅಹಮದಾಬಾದಿನವರು ನಮಗಿಂತ ಚೆನ್ನಾಗಿ ಹಿಡಿದರು. ದಿನಾ ಉಸಿರಾಡುವ ಗಾಳಿಯನ್ನು ನಾವು ಗಮನಿಸುವುದೇ ಇಲ್ಲವಲ್ಲ.

ಹಾಗಂತ ಒಳಗಿನವರು ಸುಮ್ಮನೆ ಕೂತಿರಲಿಲ್ಲ. 1956ರಲ್ಲಿ ಮುಗಿದ ವಿಧಾನಸೌಧಕ್ಕೆ ಯಾವ ವಿದೇಶಿ ಕಚೇರಿಯೂ ಬೇಕಾಗಲಿಲ್ಲ. ಕೆಂಗಲ್ ಹನುಮಂತಯ್ಯನವರ ಹಟ, ಸರ್ಕಾರದ ಆರ್ಕಿಟೆಕ್ಟ್ ಬಿ.ಆರ್. ಮಾಣಿಕಂ ಅವರ ನಕ್ಷೆ. ನಮ್ಮ ಇಲಾಖೆಯ ಕಟ್ಟಡ ಅಂತ ಹೇಳಿಕೊಳ್ಳುವ ಚಾಳಿ ನನಗೂ ಇದೆ, ಕ್ಷಮಿಸಿ.

ಹಾಗಾಗಿ ಊರು ಯಾವುದು ಅನ್ನುವ ಪ್ರಶ್ನೆಯನ್ನು ನಾನು ಪಟ್ಟಿಯಿಂದ ತೆಗೆದುಹಾಕಿದೆ. ಅದರ ಬದಲು ಒಂದು ದೂರ ಅಳೆಯಲು ಶುರು ಮಾಡಿದೆ. ಕಟ್ಟಡವನ್ನು ಯೋಚಿಸಿದ ತಲೆಗೂ ಅದನ್ನು ಕಟ್ಟುವ ಮೇಸ್ತ್ರಿಯ ಕೈಗೂ ನಡುವೆ ಎಷ್ಟು ಜನ ಇದ್ದಾರೆ? ವಿಮಾನ ನಿಲ್ದಾಣಕ್ಕೆ ನಡುವೆ ನೂರು ಜನ ಇರಲೇಬೇಕು, ಇಲ್ಲದಿದ್ದರೆ ಕಟ್ಟಲಾಗದು. ನಮ್ಮಂಥ ಎರಡು ಮಹಡಿಯ ಹಾಲಿಗೆ ನಡುವೆ ಇಬ್ಬರಿದ್ದರೂ ಜಾಸ್ತಿ. ಇಲಾಖೆಯಲ್ಲಿ ನಾನು ನೋಡಿದ ಜಗಳಗಳಲ್ಲಿ ಮುಕ್ಕಾಲುಪಾಲು ಹುಟ್ಟಿದ್ದು ಈ ನಡುವಿನ ಜಾಗದಲ್ಲೇ. ನಕ್ಷೆ ಮಾಡಿದವರು ಸೈಟಿಗೆ ಬರಲಿಲ್ಲ, ಸೈಟಿನಲ್ಲಿದ್ದವರಿಗೆ ನಕ್ಷೆ ಅರ್ಥವಾಗಲಿಲ್ಲ. ಕೊನೆಗೆ ಒಡೆದು ಕಟ್ಟಿದ ಬಿಲ್ಲು ನನ್ನ ಮೇಜಿಗೆ ಬಂತು.

ಊರಿನ ದೊಡ್ಡ ಕಚೇರಿಗಳು

ಇವರ ಬಗ್ಗೆ ಹೆಚ್ಚು ಹೇಳಲಿಕ್ಕಿಲ್ಲ. ಬೆಂಗಳೂರಿನಲ್ಲಿ ಐವತ್ತು, ನೂರು ಜನ ಕೆಲಸ ಮಾಡುವ ಕಚೇರಿಗಳು ಸಾಕಷ್ಟಿವೆ. ಅಪಾರ್ಟ್‌ಮೆಂಟ್, ಕಾಲೇಜು, ಆಸ್ಪತ್ರೆ ಮಾಡಿ ಪಳಗಿದವರು. ಫೈಲು ಓಡಿಸುವುದು ಗೊತ್ತು, ಫೈರ್ ಎನ್‌ಒಸಿ (ಅಗ್ನಿಶಾಮಕದವರ ಒಪ್ಪಿಗೆ ಪತ್ರ) ಗೊತ್ತು, ಸ್ಟ್ರಕ್ಚರಲ್ ಎಂಜಿನಿಯರ್ ಕೈಯಲ್ಲೇ ಇರುತ್ತಾರೆ. ನಿಮ್ಮದು ಶಾಲೆ, ನಲವತ್ತು ಹಾಸಿಗೆಯ ಆಸ್ಪತ್ರೆ, ಕಲ್ಯಾಣ ಮಂಟಪ ಅನ್ನುವ ಗಾತ್ರವಾದರೆ ಇವರ ಹತ್ತಿರ ಹೋಗಿ. ತೊಂದರೆ ಒಂದೇ. ಮೊದಲ ದಿನ ಮಾತಾಡಿದ ಹಿರಿಯರು ಎರಡನೇ ದಿನದಿಂದ ಕಾಣುವುದಿಲ್ಲ. ನಿಮ್ಮ ಕೆಲಸ ಕಾಲೇಜು ಮುಗಿಸಿ ಒಂದು ವರ್ಷವಾದ ಹುಡುಗನ ಪಾಲಾಗುತ್ತದೆ. ಹುಡುಗ ಒಳ್ಳೆಯವನೇ ಇರುತ್ತಾನೆ, ಆದರೆ ಆರು ತಿಂಗಳಿಗೆ ಬೇರೆ ಕಚೇರಿಗೆ ಹೋಗಿಬಿಡುತ್ತಾನೆ. ಕೆಲಸ ಕೊಡುವ ಮುಂಚೆ ಆ ಹುಡುಗನನ್ನೇ ಕರೆಸಿ ಮಾತಾಡಿ. ಅವನು ಒಪ್ಪಿಗೆಯಾದರೆ ಕಚೇರಿ ಒಪ್ಪಿಗೆ.

ನಾಲ್ಕು ಜನರ ಕಚೇರಿ

ನನ್ನ ಹೆಚ್ಚಿನ ಸಮಯ ಹೋದದ್ದು ಇಲ್ಲಿ. ಬೆಂಗಳೂರಿಗೆ ಈ ವಿಷಯದಲ್ಲಿ ದೊಡ್ಡ ಪುಣ್ಯವಿದೆ. ಒಳ್ಳೆಯ ಸಣ್ಣ ಕಚೇರಿಗಳು ಇಲ್ಲಿ ಬೀದಿಗೊಂದಿವೆ.

ಫ್ರೀಡಂ ಪಾರ್ಕ್ ನೋಡಿದ್ದೀರಲ್ಲ? ಹಳೆಯ ಸೆಂಟ್ರಲ್ ಜೈಲು. ಸ್ಪರ್ಧೆ ನಡೆಸಿ ವಿನ್ಯಾಸ ಆರಿಸಿದರು, ಗೆದ್ದದ್ದು ಬೆಂಗಳೂರಿನದೇ ಮ್ಯಾಥ್ಯೂ ಅಂಡ್ ಘೋಷ್. 2008ರಲ್ಲಿ ತೆರೆಯಿತು. ಜೈಲನ್ನು ಕೆಡವಿ ಗುಡಿಸಿಹಾಕದೆ, ಕಾವಲು ಗೋಪುರ, ಬ್ಯಾರಕ್ಕಿನ ಗೋಡೆಗಳನ್ನು ಉಳಿಸಿಕೊಂಡು ಅದರ ಸುತ್ತ ಪಾರ್ಕು ಮಾಡಿದರು. ಈಗ ನಗರದ ಧರಣಿಗಳೆಲ್ಲ ಅಲ್ಲೇ. ಜೈಲಿನ ಜಾಗದಲ್ಲಿ ಜನ ಸರ್ಕಾರವನ್ನು ಬಯ್ಯುತ್ತಾರೆ ಅನ್ನೋದು ನನಗೆ ಪ್ರತಿ ಸಲವೂ ನಗು ತರಿಸುತ್ತದೆ. ಕಸ್ತೂರಬಾ ರಸ್ತೆಯಲ್ಲಿ 2023ರಲ್ಲಿ ತೆರೆದ ಮ್ಯಾಪ್ ಕಲಾ ಸಂಗ್ರಹಾಲಯ ಕೂಡ ಇವರದೇ. ಹೊರಗೆ ಉಬ್ಬು ಗುರುತಿನ ಉಕ್ಕಿನ ಹಾಳೆಗಳು. ಹಳೆಯ ಕಾಲದ ಲೋಹದ ನೀರಿನ ಟ್ಯಾಂಕು ನೆನಪಾಗುತ್ತದೆ. ಕೆಲವರಿಗೆ ಅದು ಇಷ್ಟವಿಲ್ಲ. ನನಗೆ ಇಷ್ಟವಾಯಿತು, ನಮ್ಮ ಕ್ವಾರ್ಟರ್ಸಿನ ಮೇಲೂ ಅಂಥದ್ದೇ ಟ್ಯಾಂಕಿತ್ತು.

ಇನ್ನೊಂದು ದಾರಿ ಮಣ್ಣಿನದು. ಇದಕ್ಕೆ ಬೇರು ಟಾಟಾ ಇನ್‌ಸ್ಟಿಟ್ಯೂಟಿನಲ್ಲಿದೆ. 1974ರಲ್ಲಿ ಅಲ್ಲಿ ಎ.ಕೆ.ಎನ್. ರೆಡ್ಡಿಯವರು ಹಳ್ಳಿಗಳಿಗಾಗಿ ಅಸ್ತ್ರ ಅನ್ನುವ ಕೇಂದ್ರ ಶುರು ಮಾಡಿದರು. ಕೆ.ಎಸ್. ಜಗದೀಶ್ ಮತ್ತು ಜೊತೆಯವರು ಮಣ್ಣಿನ ಇಟ್ಟಿಗೆಯ ಮೇಲೆ ವರ್ಷಾನುಗಟ್ಟಲೆ ಕೆಲಸ ಮಾಡಿದರು. ಸೈಟಿನ ಕೆಂಪು ಮಣ್ಣಿಗೆ ಸ್ವಲ್ಪ ಮರಳು, ನೂರಕ್ಕೆ ಐದರಿಂದ ಎಂಟು ಪಾಲು ಸಿಮೆಂಟು ಕಲಸಿ, ಕೈಯಂತ್ರದಲ್ಲಿ ಒತ್ತುತ್ತಾರೆ. ಸುಡುವುದಿಲ್ಲ. ನೆರಳಿನಲ್ಲಿಟ್ಟು ಕೆಲವು ವಾರ ನೀರು ಕುಡಿಸಬೇಕು, ಅಷ್ಟೇ. ಸಂಪಿಗೋ ನೆಲಮಾಳಿಗೆಗೋ ಅಗೆದ ಮಣ್ಣೇ ಗೋಡೆಯಾಗುತ್ತದೆ, ಲಾರಿ ಲೋಡಿನ ದುಡ್ಡು ಉಳಿಯುತ್ತದೆ. ನಮ್ಮ ಕಡೆಯ ಕೆಂಪು ಮಣ್ಣು ಇದಕ್ಕೆ ಹೇಳಿ ಮಾಡಿಸಿದ್ದು. ಎರೆಮಣ್ಣಿನ ಊರಾದರೆ ಇದರ ಆಸೆ ಬಿಡಿ, ಹಿಗ್ಗಿ ಕುಗ್ಗಿ ಬಿರುಕು ಬಿಡುತ್ತದೆ.

ವಿದ್ಯಾರಣ್ಯಪುರದ ಕಡೆಯ ಚಿತ್ರಾ ವಿಶ್ವನಾಥ್ ಅವರ ಬಯೋಮ್ ಕಚೇರಿ ಈ ಮಣ್ಣಿನ ಇಟ್ಟಿಗೆಯನ್ನು ನಗರದ ಮನೆಗಳಿಗೆ ತಂದವರಲ್ಲಿ ಮುಖ್ಯರು. ಮಳೆನೀರಿನ ಕೆಲಸವೂ ಅವರ ಕಟ್ಟಡಗಳ ಭಾಗವೇ. ಮಳೆನೀರು ಅಂದಾಗ ಒಂದು ಲೆಕ್ಕ ಹೇಳಿಬಿಡುತ್ತೇನೆ, ಲೆಕ್ಕದವಳು ನೋಡಿ. ಬೆಂಗಳೂರಿನ ಮಳೆ ವರ್ಷಕ್ಕೆ ಸರಾಸರಿ ಸುಮಾರು 970 ಮಿಲಿಮೀಟರ್. ನಮ್ಮ ಕಟ್ಟಡದ ಚಾವಣಿ 2,000 ಚದರ ಅಡಿ ಅಂತ ಇಟ್ಟುಕೊಳ್ಳಿ. ವರ್ಷಕ್ಕೆ ಅದರ ಮೇಲೆ ಬೀಳುವ ನೀರು ಸುಮಾರು 1 ಲಕ್ಷ 80 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ ಮೂವತ್ತು ಲೋಡು. ಪೂರ್ತಿ ಹಿಡಿಯಲು ಆಗುವುದಿಲ್ಲ, ಅರ್ಧ ಹಿಡಿದರೂ ಸಾಕಲ್ಲ. 1,200 ಚದರ ಅಡಿ ಮತ್ತು ಅದಕ್ಕಿಂತ ದೊಡ್ಡ ಸೈಟಿನ ಹೊಸ ಕಟ್ಟಡಕ್ಕೆ ಜಲಮಂಡಳಿ 2009ರಿಂದಲೇ ಇದನ್ನು ಕಡ್ಡಾಯ ಮಾಡಿದೆ. ಎಷ್ಟೋ ಕಡೆ ತೋರಿಕೆಗೆ ಒಂದು ನೀಲಿ ಡ್ರಮ್ಮು ಇಡುತ್ತಾರೆ. ನೀವು ಮಾತಾಡಿಸುವ ಆರ್ಕಿಟೆಕ್ಟ್ ಆ ಡ್ರಮ್ಮಿನ ಬಗ್ಗೆ ಏನು ಹೇಳುತ್ತಾರೆ ಕೇಳಿ. ಗೊತ್ತಾಗಿಬಿಡುತ್ತದೆ.

ಸಣ್ಣ ಕಚೇರಿಗೂ ಕೊರತೆಗಳಿವೆ. ಮುಖ್ಯಸ್ಥರಿಗೆ ಜ್ವರ ಬಂದರೆ ನಿಮ್ಮ ಕೆಲಸಕ್ಕೂ ಜ್ವರ. ಪಾಲಿಕೆಯಲ್ಲಿ ಫೈಲು ಓಡಿಸುವುದು ಹಲವರಿಗೆ ಬರುವುದಿಲ್ಲ, ಅದಕ್ಕೆ ಬೇರೆಯವರನ್ನು ಹಿಡಿಯಬೇಕು. ಕೆಲವರಿಗೆ ಕಟ್ಟಡಕ್ಕಿಂತ ಕಟ್ಟಡದ ಫೋಟೋ ಮುಖ್ಯ. ಒಬ್ಬರ ಕಚೇರಿಯಲ್ಲಿ ಮುಕ್ಕಾಲು ಗಂಟೆ ಫೋಟೋ ನೋಡಿದೆ. ಒಂದರಲ್ಲೂ ಮನುಷ್ಯರಿಲ್ಲ, ಒಣಹಾಕಿದ ಬಟ್ಟೆಯಿಲ್ಲ, ಚಪ್ಪಲಿ ಬಿಡುವ ಜಾಗವಿಲ್ಲ. ನಮ್ಮ ಹಾಲಿನ ಮುಂದೆ ಹಬ್ಬದ ದಿನ ಇನ್ನೂರು ಜೊತೆ ಚಪ್ಪಲಿ ಇರುತ್ತವೆ. ನಮಸ್ಕಾರ ಹೇಳಿ ಎದ್ದುಬಂದೆ.

ಫ್ರೀ ಪ್ಲಾನು

ಖಜಾಂಚಿಯವರ ದಾರಿ. ಇದನ್ನು ನಾನೇ ಒಂದು ಸಲ ನಡೆದು ನೋಡಿದ್ದೇನೆ. 2004ರಲ್ಲಿ ನಮ್ಮ 30×40ರ ಮನೆ ಹೀಗೇ ಆಯಿತು. ಚದರಕ್ಕೆ ಇಷ್ಟು ಅಂತ ಮಾತು, ಪ್ಲಾನು ಉಚಿತ. ಒಂದು ಸಂಜೆಯಲ್ಲಿ ಪ್ಲಾನು ಬಂತು. ಮುಂದಿನ ಎಲಿವೇಷನ್‌ಗೆ ನೀಲಿ ಗಾಜು ಹಾಕಿದರೆ ಲುಕ್ಕು ಬರುತ್ತದೆ ಅಂದರು, ನಾವೂ ಹೂಂ ಅಂದೆವು. ಮನೆ ಪಶ್ಚಿಮಕ್ಕಿದೆ. ಮಾರ್ಚ್ ಬಂದರೆ ಮಧ್ಯಾಹ್ನ ಮೂರರಿಂದ ಹಾಲಿನಲ್ಲಿ ಹಪ್ಪಳ ಒಣಗಿಸಬಹುದು. ಇಪ್ಪತ್ತು ವರ್ಷದಿಂದ ಆ ಗಾಜಿಗೆ ದಪ್ಪ ಪರದೆ ಹಾಕಿದ್ದೇವೆ, ಹಗಲು ಹೊತ್ತಿನಲ್ಲೂ ಲೈಟು. ಮೆಟ್ಟಿಲುಗಳದು ಎಂಟು ಇಂಚು ಎತ್ತರ. ಆರೂವರೆ ಮಾಡಿದ್ದರೆ ಜಾಗ ಹೋಗುತ್ತಿತ್ತಂತೆ. ನಮ್ಮ ಅತ್ತೆಯವರು ಕೊನೆಯ ಆರು ವರ್ಷ ಮಹಡಿ ಹತ್ತಲೇ ಇಲ್ಲ. ಅವರ ತುಳಸಿ ಕಟ್ಟೆ ಮಹಡಿಯ ಮೇಲಿತ್ತು.

ಅದಕ್ಕೇ ಸಮಿತಿಗೆ ಹೇಳಿದೆ, ಫ್ರೀ ಪ್ಲಾನಿನ ಬಿಲ್ಲು ಆಮೇಲೆ ಬರುತ್ತದೆ ಅಂತ. ಆದರೂ ಖಜಾಂಚಿಯವರಿಗೆ ನ್ಯಾಯ ಹೇಳಬೇಕು. ಬಾಡಿಗೆಗೆ ನಾಲ್ಕು ಮನೆ, ಒಂದರಂತೆ ಒಂದು, ಬೇಗ ಆಗಬೇಕು ಅಂದರೆ ಈ ದಾರಿಯಲ್ಲಿ ತಪ್ಪಿಲ್ಲ. ಕಂಟ್ರಾಕ್ಟರುಗಳಲ್ಲಿ ಕೈ ಶುದ್ಧ ಇರುವವರು, ಕೆಲಸ ಬಲ್ಲವರು ತುಂಬಾ ಜನ ಇದ್ದಾರೆ. ಮಣ್ಣು ಪರೀಕ್ಷೆಗೂ ಪಿಲ್ಲರಿನ ಲೆಕ್ಕಕ್ಕೂ ಮಾತ್ರ ಬೇರೆ ಸ್ಟ್ರಕ್ಚರಲ್ ಎಂಜಿನಿಯರನ್ನು ನೀವೇ ದುಡ್ಡು ಕೊಟ್ಟು ಇಟ್ಟುಕೊಳ್ಳಿ. ಕಬ್ಬಿಣ ಮಾರಿ ಲಾಭ ಮಾಡುವವರೇ ಕಬ್ಬಿಣ ಎಷ್ಟು ಬೇಕು ಅಂತ ಹೇಳಬಾರದು.

ನಾನು ಕೇಳಿದ ಪ್ರಶ್ನೆ

ಮೂರು ಕಚೇರಿಗಳನ್ನು ಪಟ್ಟಿ ಮಾಡಿ ಮೂವರಿಗೂ ಒಂದೇ ಪ್ರಶ್ನೆ ಕೇಳಿದೆ. "ಲೈಬ್ರರಿಯ ಕಿಟಕಿಗಳು ಉತ್ತರಕ್ಕೆ. ಮೇ ತಿಂಗಳಲ್ಲಿ ಅಲ್ಲಿ ಬಿಸಿಲು ಬೀಳುತ್ತಾ?"

ಇಬ್ಬರು, "ಉತ್ತರ ಅಂದ್ರೆ ಬಿಸಿಲೇ ಇಲ್ಲ ಮೇಡಂ, ತಂಪು ಬೆಳಕು" ಅಂದರು. ಅದು ಯುರೋಪಿನ ಪುಸ್ತಕದ ಪಾಠ. ಬೆಂಗಳೂರು ಇರುವುದು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆವತ್ತು ನೆಟ್ಟಗೆ ನಿಂತ ಕಂಬಕ್ಕೆ ನೆರಳಿರುವುದಿಲ್ಲ. ಶೂನ್ಯ ನೆರಳಿನ ದಿನ ಅಂತ ಮಕ್ಕಳು ಅಂಗಳದಲ್ಲಿ ಬಾಟಲಿ ನಿಲ್ಲಿಸಿ ನೋಡುತ್ತಾರಲ್ಲ, ಅದೇ. ಅಲ್ಲಿಂದ ಮುಂದೆ ಆಗಸ್ಟ್ 18ರವರೆಗೆ ಸೂರ್ಯ ನಮಗೆ ಉತ್ತರಕ್ಕೇ ಇರುತ್ತಾನೆ. ಅಂದರೆ ಬೇಸಿಗೆಯ ಕೊನೆಯ ತಿಂಗಳಲ್ಲಿ ಉತ್ತರದ ಗೋಡೆಗೆ ಬಿಸಿಲು ಬೀಳುತ್ತದೆ. ಬೆಳಗ್ಗೆ, ಸಂಜೆ ಓರೆಯಾಗಿ ಒಳಗೂ ಬರುತ್ತದೆ.

ಮೂರನೆಯಾಕೆ ನಕ್ಕರು. "ಬೀಳುತ್ತೆ. ಸಜ್ಜಾ ಸಾಕಾಗಲ್ಲ, ಪಕ್ಕಕ್ಕೂ ಒಂದು ಅಡ್ಡಗೋಡೆ ಬೇಕು" ಅಂದರು. ಇಬ್ಬರೇ ನಡೆಸುವ ಕಚೇರಿ. ಬಾಗಿಲಲ್ಲಿ ಒಂದು ಹೀರೋ ಹೊಂಡ, ಒಳಗೆ ಒಂದು ಮರದ ಮೇಜು.

ಪ್ರಶ್ನೆ ಇದೇ ಆಗಬೇಕು ಅಂತೇನಿಲ್ಲ. ಆದರೆ ಒಂದು ಪರೀಕ್ಷೆಯನ್ನು ಮಾತ್ರ ಬಿಡಬೇಡಿ. ಅವರು ಐದು ವರ್ಷಕ್ಕಿಂತ ಹಿಂದೆ ಮಾಡಿದ ಕಟ್ಟಡಕ್ಕೆ ಮಳೆ ಬರುವಾಗ ಹೋಗಿ. ಸೆಪ್ಟೆಂಬರ್ ಒಳ್ಳೆಯ ತಿಂಗಳು. ಮಾಲೀಕರನ್ನು ಆಮೇಲೆ ಮಾತಾಡಿಸಿ, ಮೊದಲು ಗುಡಿಸುವವರನ್ನು ಮಾತಾಡಿಸಿ. ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಯಾವ ಕಿಟಕಿ ಮುಚ್ಚುವುದಿಲ್ಲ, ಯಾವ ಗಾಜು ಒರೆಸಲು ಕೈಗೆ ಸಿಗುವುದಿಲ್ಲ ಅಂತ ಅವರು ಎರಡು ನಿಮಿಷದಲ್ಲಿ ಹೇಳುತ್ತಾರೆ. ನಾನು ನೋಡಿದ ಒಂದು ಸುಂದರ ಕಟ್ಟಡದಲ್ಲಿ ಬಕೆಟ್ ತುಂಬಿಸಲು ಕೆಳಗೆಲ್ಲೂ ಒಂದು ನಲ್ಲಿ ಇರಲಿಲ್ಲ. ಆಕೆ ದಿನಾ ಒಂದು ಮಹಡಿಯಿಂದ ನೀರು ಹೊತ್ತು ತರುತ್ತಾರೆ.

ಫೀಸು, ಕರಾರು

ನಮಗೆ ಬಂದ ಕೊಟೇಶನ್‌ಗಳು ಕಟ್ಟಡದ ಖರ್ಚಿನ ಶೇಕಡಾ 4ರಿಂದ 8ರವರೆಗೆ ಇದ್ದವು. ಅದರ ಮೇಲೆ ಶೇಕಡಾ 18 ಜಿಎಸ್‌ಟಿ ಬೇರೆ, ಅದನ್ನು ಬಜೆಟ್ಟಿಗೆ ಸೇರಿಸಲು ಎಲ್ಲರೂ ಮರೆಯುತ್ತಾರೆ. ಶೇಕಡಾ ಲೆಕ್ಕ ನನಗೆ ಹಿಡಿಸುವುದಿಲ್ಲ. ಗ್ರಾನೈಟಿನ ದರ ಏರಿದರೆ ಅವರ ಫೀಸೂ ಏರುತ್ತದೆ. ಒಂದು ಅಂದಾಜು ಮಾಡಿ, ಮೊತ್ತ ನಿಗದಿ ಮಾಡಿ, ಹಂತ ಹಂತವಾಗಿ ಕೊಡಿ. ನಕ್ಷೆಗೆ ಇಷ್ಟು, ಮಂಜೂರಾತಿಗೆ ಇಷ್ಟು, ಸ್ಲ್ಯಾಬಿಗೆ ಇಷ್ಟು. ಕೊನೆಯ ಕಂತು ಮೊದಲ ಮಳೆಗಾಲ ಕಳೆದ ಮೇಲೆ. ಈ ಕೊನೆಯ ಷರತ್ತಿಗೆ ಮೊದಲಿಬ್ಬರೂ ಮುಖ ಸಣ್ಣ ಮಾಡಿದರು.

ಕರಾರಿನಲ್ಲಿ ಸೈಟಿಗೆ ಬರುವವರ ಹೆಸರು ಇರಲಿ. "ಕಚೇರಿಯ ಪ್ರತಿನಿಧಿ" ಅಂತ ಬರೆದರೆ ಯಾರೂ ಬರುವುದಿಲ್ಲ, ಇದು ನನ್ನ ಮೂವತ್ತೊಂದು ವರ್ಷದ ಅನುಭವ. ಎಷ್ಟು ಸಲ ಬರಬೇಕು ಅಂತಲೂ ಬರೆಯಿರಿ. ನಕ್ಷೆಯ ಹಕ್ಕು ಸಾಮಾನ್ಯವಾಗಿ ಆರ್ಕಿಟೆಕ್ಟರ ಹತ್ತಿರವೇ ಉಳಿಯುತ್ತದೆ, ಅದಕ್ಕೆ ಜಗಳ ಬೇಡ. ಆದರೆ ಕಟ್ಟಿದ ಮೇಲೆ ನೀರಿನ ಪೈಪು, ಕರೆಂಟಿನ ಪೈಪು ನಿಜವಾಗಿ ಎಲ್ಲಿ ಹೋಗಿವೆ ಅನ್ನುವ ನಕ್ಷೆ ಕೈಗೆ ಬರಬೇಕು ಅಂತ ಬರೆಸಿಕೊಳ್ಳಿ. ಗೋಡೆಗೆ ಮೊಳೆ ಹೊಡೆಯುವ ದಿನ ಅದರ ಬೆಲೆ ತಿಳಿಯುತ್ತದೆ. ಆರ್ಕಿಟೆಕ್ಟರ ನೋಂದಣಿ ಸಂಖ್ಯೆ ಸಿಎ ಅಂತ ಶುರುವಾಗುತ್ತದೆ. ಕೌನ್ಸಿಲ್‌ನ ಪಟ್ಟಿಯಲ್ಲಿ ಒಂದು ಸಲ ನೋಡಿಬಿಡಿ.

ವಾಸ್ತುವಿನ ಬಗ್ಗೆ ಒಂದು ಮಾತು. ಬೇಕಾದರೆ ಮೊದಲ ದಿನವೇ ಹೇಳಿ. ತಳಪಾಯ ಎದ್ದ ಮೇಲೆ ಯಾರೋ ನೆಂಟರು ಬಂದು ಮೆಟ್ಟಿಲು ಈಶಾನ್ಯಕ್ಕಿದೆ ಅಂದರೆ, ಎಸ್‌ಒಎಂ ಆದರೂ ಒಂದೇ, ಪಕ್ಕದ ಬೀದಿಯವರಾದರೂ ಒಂದೇ.

ಸಮಿತಿಯಲ್ಲಿ ನನ್ನ ವರದಿಗೆ ಐದು ಮತ, ಎದುರಿಗೆ ಎರಡು. ಬಿಸಿಲಿನ ಪ್ರಶ್ನೆಗೆ ನಕ್ಕ ಆಕೆಯ ಕಚೇರಿಗೇ ಕೆಲಸ ಕೊಟ್ಟೆವು. ಎರಡು ವಾರಕ್ಕೊಂದು ಶನಿವಾರ ಆಕೆಯೇ ಬರಬೇಕು ಅಂತ ಕರಾರು, ಇದುವರೆಗೆ ಒಂದೂ ತಪ್ಪಿಲ್ಲ. ಲೈಬ್ರರಿಯ ಸ್ಲ್ಯಾಬಿಗೆ ಈಗ ಸೆಂಟ್ರಿಂಗ್, ಅಂದರೆ ಕಾಂಕ್ರೀಟು ಸುರಿಯಲು ಹಲಗೆ ಕಟ್ಟುವ ಕೆಲಸ, ನಡೆಯುತ್ತಿದೆ. ಕಳೆದ ಸಲ ಮೇಸ್ತ್ರಿ ಕೇಳಿದರು, "ಸಜ್ಜಾ ಕೆಳಗೆ ಗೀರು ಬಿಡಬೇಕೇನಮ್ಮಾ, ಇಲ್ಲಾ ಹಾಗೇ ಸಾರಿಸಿಬಿಡ್ಲಾ?" ಮಳೆನೀರು ಗೋಡೆಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲು ಬಿಡುವ ಗೀರು ಅದು. ಫೋನಿನಲ್ಲಿ ಹೇಳಿದ್ದರೆ ಇಬ್ಬರೂ ಹೂಂ ಅಂದು ಬೇರೆ ಬೇರೆ ಅರ್ಥ ಮಾಡಿಕೊಳ್ಳುತ್ತಿದ್ದರು. ಆಕೆ ಏಣಿ ಹತ್ತಿ, ಸೆಂಟ್ರಿಂಗ್ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಅಲ್ಲಿ ಒಂದು ತೆಳು ರೀಪು ಹೊಡೆಸಿ ಇಳಿದರು.

ಕೆಳಗೆ ನಿಂತಿದ್ದ ಅಧ್ಯಕ್ಷರು, "ಮೇಡಂ, ಆ ಸಜ್ಜಾಕ್ಕೆ ನಾಲ್ಕು ಕೊಕ್ಕೆ ಬಿಡಿಸಿ, ತೂಗುಗಿಡಕ್ಕೆ ಆಗುತ್ತೆ" ಅಂದರು. ನಾಲ್ಕು ಕೊಕ್ಕೆ ಬಿಡಿಸಿದ್ದೇವೆ. ನೀರು ಹಾಕುವ ಪಾಳಿಯಲ್ಲಿ ಮೊದಲ ಹೆಸರು ಅವರದೇ.